ಫುಕೋನನ್ನು ‘ಜೇನ್ ಐರ್’ಗೆ ಹಚ್ಚುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಇಂಗ್ಲಿಷ್ ಎಂಎ ಎರಡನೇ ವರ್ಷ. ಪ್ರಾಜೆಕ್ಟಿಗೆ ಷಾರ್ಲೆಟ್ ಬ್ರಾಂಟೆಯ 1847ರ ಕಾದಂಬರಿ ‘ಜೇನ್ ಐರ್’ ತಗೊಂಡಿದ್ದೇನೆ. ವಿಕ್ಟೋರಿಯಾ ಕಾಲದವರು ಕಾಮದ ಮಾತನ್ನೇ ಅದುಮಿಟ್ಟಿದ್ದರು ಅಂತ ಫ್ರೆಂಚ್ ಚಿಂತಕ ಫುಕೋ ಹೇಳುತ್ತಾನೆ ಎಂದು ಶುರು ಮಾಡಿದ್ದೆ. ಗೈಡ್ ಆ ಸಾಲನ್ನೇ ಹೊಡೆದುಹಾಕಿದ್ದಾರೆ. ತಪ್ಪೇನು?

ಉತ್ತರ: ಗೈಡ್ ಮಾಡಿದ್ದು ಸರಿ. ‘ಲೈಂಗಿಕತೆಯ ಇತಿಹಾಸ’ದ ಮೊದಲ ಸಂಪುಟದಲ್ಲಿ (1976) ಫುಕೋ ಹೇಳಿದ್ದು ಇದರ ಉಲ್ಟಾ. ‘ಅದುಮಿಟ್ಟರು’ ಅನ್ನೋ ಕತೆಯನ್ನೇ ಅವನು ಪ್ರಶ್ನೆ ಮಾಡುತ್ತಾನೆ. ಆ ಕಾಲದಲ್ಲಿ ಡಾಕ್ಟರು, ಪಾದ್ರಿ, ಮೇಷ್ಟ್ರು, ಕೋರ್ಟು ಎಲ್ಲರೂ ಅದನ್ನು ಕೆದಕಿ ಕೇಳಿದರು, ಬರೆದಿಟ್ಟರು, ಇವರು ಸರಿ ಇವರು ಕೆಟ್ಟವರು ಅಂತ ಬೇರೆ ಮಾಡಿದರು. ಅಧಿಕಾರ ಸುಮ್ನೆ ಬಾಯಿ ಮುಚ್ಚಿಸುವುದಿಲ್ಲ, ಬಾಯಿ ಬಿಡಿಸುತ್ತದೆ, ಹೆಸರಿಡುತ್ತದೆ.

ಈಗ 27ನೇ ಅಧ್ಯಾಯ ತೆಗೆಯಿರಿ. ತಾನು ಮಹಡಿಯಲ್ಲಿ ಕೂಡಿಹಾಕಿದ ಹೆಂಡತಿ ಬರ್ತಾಳ ಕತೆಯನ್ನು ಮನೆಯೊಡೆಯ ರಾಚೆಸ್ಟರ್, ಅಲ್ಲೇ ಮನೆಪಾಠ ಹೇಳುತ್ತಿದ್ದ, ತಾನು ಮದುವೆಯಾಗಲು ಹೊರಟಿದ್ದ ಜೇನ್‌ಗೆ ಹೇಳುತ್ತಾನೆ. ಅವಳು ಕುಡುಕಿ, ಶೀಲಗೆಟ್ಟವಳು ಅನ್ನುತ್ತಾನೆ, ಅದೇ ಉಸಿರಿನಲ್ಲಿ ಡಾಕ್ಟರುಗಳು ಹುಚ್ಚಿ ಅಂತ ತೀರ್ಮಾನಿಸಿದರು ಅನ್ನುತ್ತಾನೆ. ಬರ್ತಾಳಿಗೆ ಅಲ್ಲಿ ಒಂದು ಮಾತೂ ಇಲ್ಲ. ಗಂಡ ಮತ್ತು ಡಾಕ್ಟರು ಸೇರಿ ಒಬ್ಬ ಹೆಂಗಸನ್ನು ‘ಹುಚ್ಚಿ’ ಮಾಡುವುದು ಹೇಗೆ? ನಿಮ್ಮ ಫುಕೋ ಇರುವುದು ಇಲ್ಲಿ.

ಇನ್ನೊಬ್ಬರು: ಬರ್ತಾ ಅಂದರೆ ಜೇನ್ ನುಂಗಿಕೊಂಡ ಸಿಟ್ಟು ಅಂತ ಓದಿದ್ದೆ. ಅದು ಸಾಕಲ್ವಾ ಮೇಡಂ?

ಉತ್ತರ: ಅದು ಸ್ತ್ರೀವಾದಿ ವಿಮರ್ಶಕಿಯರಾದ ಗಿಲ್ಬರ್ಟ್ ಮತ್ತು ಗೂಬಾರ್ 1979ರಲ್ಲಿ ಕೊಟ್ಟ ಓದು, ನನಗೆ ತುಂಬ ಇಷ್ಟ. ಮದುವೆಗೆ ಎರಡು ರಾತ್ರಿ ಮುಂಚೆ ಬರ್ತಾ ಜೇನ್‌ಳ ಕೋಣೆಗೆ ಬಂದು, ಅವಳ ಮದುವೆಯ ಮುಸುಕನ್ನು ತಾನೇ ಹಾಕಿಕೊಂಡು ಕನ್ನಡಿ ನೋಡುತ್ತಾಳೆ, ಆಮೇಲೆ ಅದನ್ನು ಎರಡಾಗಿ ಹರಿದು ನೆಲಕ್ಕೆಸೆದು ತುಳಿಯುತ್ತಾಳೆ. ಜೇನ್‌ಗೆ ಅವಳ ಮುಖ ಮೊದಲು ಕಾಣುವುದೇ ಆ ಕನ್ನಡಿಯಲ್ಲಿ! ಚಿಕ್ಕವಳಿದ್ದಾಗ ಕೆಂಪು ಕೋಣೆಯಲ್ಲಿ ಕೂಡಿಹಾಕಿದಾಗಲೂ ಜೇನ್ ಕನ್ನಡಿ ನೋಡಿ ಬೆಚ್ಚಿದ್ದಳು.

ಆದರೆ ಅಷ್ಟಕ್ಕೇ ನಿಂತರೆ ಬರ್ತಾ ಬರೀ ಜೇನ್‌ಳ ನೆರಳಾಗುತ್ತಾಳೆ. ಅವಳು ಆಗ ಬ್ರಿಟಿಷರ ವಸಾಹತಾಗಿದ್ದ ಜಮೈಕಾದಿಂದ ಬಂದವಳು. ಜೇನ್ ನಾಯಕಿಯಾಗಬೇಕಾದರೆ ವಸಾಹತಿನ ಈ ಹೆಂಗಸು ಬೆಂಕಿ ಹಚ್ಚಿ ಸಾಯಲೇಬೇಕು ಅಂತ ವಿಮರ್ಶಕಿ ಗಾಯತ್ರಿ ಸ್ಪಿವಾಕ್ 1985ರಲ್ಲಿ ಬರೆದರು. ದುಡ್ಡಿನ ಲೆಕ್ಕವನ್ನೂ ನೋಡಿ. ಮದುವೆಯಲ್ಲಿ ಬರ್ತಾಳ ಜೊತೆ ರಾಚೆಸ್ಟರ್ ಕೈಗೆ ಬಂದದ್ದು 30,000 ಪೌಂಡ್. ಹೆಂಡತಿಯ ಹಣ ಗಂಡನದಾಗುವುದನ್ನು ಇಂಗ್ಲೆಂಡಿನ ಕಾನೂನು ತಡೆಯಲು ಶುರು ಮಾಡಿದ್ದೇ 1870ರಲ್ಲಿ, ಪೂರ್ತಿಯಾಗಿ 1882ರಲ್ಲಿ. ಬಿಟ್ಟುಹೋಗಿದ್ದ ಜೇನ್, ರಾಚೆಸ್ಟರ್ ಹತ್ತಿರ ವಾಪಸ್ ಹೋಗುವುದು ಕೈಯಲ್ಲಿ ಸ್ವಂತ 5,000 ಪೌಂಡ್ ಬಂದ ಮೇಲೆ.

ಮೊದಲು ಕೇಳಿದವರು: ಹಾಗಾದರೆ ಎಲ್ಲಿಂದ ಶುರು ಮಾಡಲಿ ಮೇಡಂ?

ಉತ್ತರ: ಪೆನ್ಸಿಲ್ ಹಿಡಿದು 27ನೇ ಅಧ್ಯಾಯಕ್ಕೆ ಕೂತುಕೊಳ್ಳಿ. ರಾಚೆಸ್ಟರ್ ಬರ್ತಾಳಿಗೆ ಬಳಸುವ ಒಂದೊಂದು ಪದಕ್ಕೂ ಗೆರೆ ಎಳೆಯಿರಿ. ಆ ಪಟ್ಟಿಯೇ ನಿಮ್ಮ ಮೊದಲ ಪುಟ. ಫುಕೋ ಎರಡನೇ ಪುಟಕ್ಕೆ ಬರಲಿ.