ಘಾಟಿ ಹತ್ತುವಾಗ ಹಳದಿ ಲೈಟ್, ಪಿಕಪ್ ಇಲ್ಲ: ಟರ್ಬೋನೇ ಹೋಗಿದೆಯಾ?

ಸಕಲೇಶಪುರದವನು:

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಡೀಸೆಲ್ ಕಾರು, ಬಿಎಸ್4 (2020ರ ಮುಂಚಿನ ಹೊಗೆ ನಿಯಮದ್ದು), ಲಕ್ಷ ಕಿಲೋಮೀಟರ್ ದಾಟಿದೆ. ಊರೊಳಗೆ, ತೋಟಕ್ಕೆ, ಹಾಸನಕ್ಕೆ ಹೋಗಿ ಬರಲು ಏನೂ ತೊಂದರೆ ಇಲ್ಲ. ಆದರೆ ಮಂಗಳೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಏರು ಶುರುವಾದ ಮೇಲೆ, ಮುಂದಿನ ಟ್ಯಾಂಕರನ್ನು ದಾಟೋಣ ಅಂತ ಮೂರನೇ ಗೇರಿನಲ್ಲಿ ಜೋರಾಗಿ ಒತ್ತಿದ ತಕ್ಷಣ ಹಳದಿ ಎಂಜಿನ್ ಲೈಟ್ ಬರುತ್ತದೆ, ಅಷ್ಟೇ, ಆಮೇಲೆ ಎಷ್ಟು ಒತ್ತಿದರೂ ಗಾಡಿ ಎಳೆಯುವುದಿಲ್ಲ. ಆರ್‌ಪಿಎಂ 2500ರ ಮೇಲೆ ಹೋಗುವುದೇ ಇಲ್ಲ. ಪಕ್ಕಕ್ಕೆ ಹಾಕಿ ಕೀ ಆಫ್ ಮಾಡಿ ಆನ್ ಮಾಡಿದರೆ ಪಿಕಪ್ ವಾಪಸ್ ಬರುತ್ತದೆ, ಲೈಟ್ ಮಾತ್ರ ಹೋಗುವುದಿಲ್ಲ. ಇನ್ನೊಂದು ಏರು ಬಂದರೆ ಮತ್ತೆ ಅದೇ ಕಥೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಸ್ಕ್ಯಾನರ್ ಹಾಕಿ ಲೈಟ್ ಆರಿಸಿ ಕೊಟ್ಟರು. ಏನು ಕೋಡ್ ಬಂತು ಅಂತ ಕೇಳಿದರೆ "ಸೆನ್ಸರ್ ಪ್ರಾಬ್ಲಂ ಸರ್" ಅಂದರು. ಮತ್ತೆ ಲೈಟ್ ಬಂದಾಗ ಹೋದರೆ ಬಾನೆಟ್ ಸರಿಯಾಗಿ ತೆಗೆಯುವ ಮುಂಚೆಯೇ "ಟರ್ಬೋ ಹೋಗಿದೆ, ಹೊಸದೇ ಹಾಕಬೇಕು" ಅಂದುಬಿಟ್ಟರು. ಹೇಳಿದ ರೇಟು ಕೇಳಿದರೆ ಈ ವರ್ಷದ ಮೆಣಸಿನ ದುಡ್ಡು ಅದಕ್ಕೇ ಸರಿಹೋಗುತ್ತದೆ. ನಿಜವಾಗಲೂ ಟರ್ಬೋನೇ ಹೋಗಿದ್ದರೆ ಊರೊಳಗೆ ಇಷ್ಟು ಚೆನ್ನಾಗಿ ಓಡುತ್ತಿತ್ತಾ? ಗೊತ್ತಿದ್ದವರು ಹೇಳಿ.

ಗ್ರೀಸ್ ಕೈ:

ಹಾಸನದಲ್ಲಿ ಇದೇ ಕೆಲಸ ಮಾಡುವವನು ನಾನು. ದುಡ್ಡು ಕೊಡಬೇಡಿ, ಸ್ವಲ್ಪ ತಡೆಯಿರಿ.

ನೀವು ಹೇಳುತ್ತಿರುವುದು ಲಿಂಪ್ ಮೋಡ್. ಎಂಜಿನ್ ಕಂಪ್ಯೂಟರ್‌ಗೆ ಯಾವುದೋ ಲೆಕ್ಕ ತಾಳೆ ಆಗಲಿಲ್ಲ ಅಂದರೆ ಎಂಜಿನ್ ಉಳಿಸಿಕೊಳ್ಳಲು ಅದೇ ಪವರ್ ಕಡಿಮೆ ಮಾಡುತ್ತದೆ. ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುವುದೂ ಅದಕ್ಕೇ, ಅದು ಹೊಸದಾಗಿ ಲೆಕ್ಕ ಶುರು ಮಾಡುತ್ತದೆ. ಟರ್ಬೋ ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪ್, ಆ ಒತ್ತಡಕ್ಕೇ ಬೂಸ್ಟ್ ಅನ್ನುವುದು. ಊರೊಳಗೆ ಟರ್ಬೋಗೆ ಕೆಲಸ ಕಡಿಮೆ, ಏರಿನಲ್ಲಿ ಪೂರ್ತಿ ಬೂಸ್ಟ್ ಕೇಳುತ್ತದೆ, ಅಲ್ಲಿ ಸಿಕ್ಕಿಬೀಳುತ್ತದೆ.

ಟರ್ಬೋ ನಿಜವಾಗಲೂ ಹೋದರೆ ಅದರ ಲಕ್ಷಣವೇ ಬೇರೆ. ನೀಲಿ ಹೊಗೆ ಬರುತ್ತದೆ, ಆಯಿಲ್ ಕುಡಿಯುತ್ತದೆ, ಸೈರನ್ ತರಹ ಕೂಗುತ್ತದೆ. ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಟರ್ಬೋ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಬೇಕು. ಅಕ್ಕಪಕ್ಕಕ್ಕೆ ಒಂಚೂರು ಅಲ್ಲಾಡಿದರೆ ಪರವಾಗಿಲ್ಲ, ಹಿಂದಕ್ಕೆ ಮುಂದಕ್ಕೆ ಆಟ ಇದ್ದರೆ ಮಾತ್ರ ಚಿಂತೆ. ಇದನ್ನು ನೋಡದೆ ಟರ್ಬೋ ಹೋಗಿದೆ ಅಂದರೆ ನಂಬಬೇಡಿ.

ಮೊದಲು ಕೋಡ್ ಬೇಕು. ಸ್ಟೀರಿಂಗ್ ಕೆಳಗೆ ಓಬಿಡಿ ಸಾಕೆಟ್ (ಸ್ಕ್ಯಾನರ್ ಚುಚ್ಚುವ ಜಾಗ) ಇರುತ್ತದೆ, ಒಂದು ಸಾದಾ ಬ್ಲೂಟೂತ್ ರೀಡರ್ ತಗೊಂಡು ಫೋನಿನಲ್ಲಿ ನೋಡಿ. ಅಳಿಸುವ ಬಟನ್ ಮಾತ್ರ ಮುಟ್ಟಬೇಡಿ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಇರುತ್ತದೆ, ಲೈಟ್ ಬಂದ ಹೊತ್ತಿನಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು ಎಲ್ಲ ಅದರಲ್ಲಿ ಉಳಿದಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಯಿತು. ನಿಮ್ಮ ಗ್ಯಾರೇಜಿನವರು ಮಾಡಿದ್ದು ಅದನ್ನೇ.

ಮಳೆಕಾಡು:

ನನ್ನ ಗಾಡಿಗೂ ಹೀಗೇ ಆಗಿತ್ತು, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡಿತ್ತು. ಹಾಸನದಿಂದ ಬೆಂಗಳೂರು ಕಡೆ ಹೈವೇಯಲ್ಲಿ ಒಂದು ಸಲ ಎಳೆದುಕೊಂಡು ಬನ್ನಿ, ಸರಿಹೋಗುತ್ತದೆ.

ಗ್ರೀಸ್ ಕೈ:

ಮಳೆಕಾಡು ಅವರೇ, ನಿಮ್ಮದು ಬಿಎಸ್6 ಇರಬೇಕು. ದೇಶದಲ್ಲಿ ಬಿಎಸ್6 ಕಡ್ಡಾಯ ಆಗಿದ್ದು 2020ರ ಏಪ್ರಿಲ್‌ನಿಂದ, ಡೀಸೆಲ್ ಕಾರುಗಳಿಗೆ ಡಿಪಿಎಫ್ ಸಾಮಾನ್ಯ ಆಗಿದ್ದೂ ಆಗಲೇ. ಇವರ 2018ರ ಗಾಡಿಗೆ ಹೆಚ್ಚುಕಮ್ಮಿ ಅದು ಇರುವುದೇ ಇಲ್ಲ. ಸುಮ್ನೆ ಹೈವೇಯಲ್ಲಿ ಡೀಸೆಲ್ ಸುಟ್ಟು ಬಂದ ಹಾಗಾಗುತ್ತದೆ.

ಆದರೆ ಬಿಎಸ್6 ಇರುವವರಿಗೆ ಆ ಮಾತು ಸರಿ. ತೋಟದಿಂದ ಪೇಟೆ, ಪೇಟೆಯಿಂದ ತೋಟ, ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸಿದರೆ ಫಿಲ್ಟರ್ ಬಿಸಿಯೇ ಆಗುವುದಿಲ್ಲ, ಮಸಿ ತುಂಬಿಕೊಳ್ಳುತ್ತದೆ. ಡಿಪಿಎಫ್ ಲೈಟ್ ಬಂದ ಕೂಡಲೇ 60ರ ಮೇಲೆ ಸ್ಪೀಡ್ ಇಟ್ಟು, ಒಂದು ಗೇರ್ ಕೆಳಗೇ ಓಡಿಸಿ, 15-20 ನಿಮಿಷ ನಿಲ್ಲಿಸದೆ ಹೋಗಬೇಕು, ಆಗ ಬಿಸಿಗೆ ಮಸಿ ಸುಟ್ಟುಹೋಗುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ತಳ ಕಂಡಿದ್ದರೆ ಎಷ್ಟೋ ಗಾಡಿಗಳಲ್ಲಿ ಈ ಮಸಿ ಸುಡುವ ಕೆಲಸ ಶುರುವೇ ಆಗುವುದಿಲ್ಲ. ಪದೇ ಪದೇ ಮಧ್ಯದಲ್ಲಿ ಎಂಜಿನ್ ಆಫ್ ಮಾಡುತ್ತಿದ್ದರೆ ಡಿಪ್‌ಸ್ಟಿಕ್ ತೆಗೆದು ನೋಡಿ, ಆಯಿಲ್ ಮಟ್ಟ ಏರಿರುತ್ತದೆ. ಅದು ಆಯಿಲ್ ಅಲ್ಲ, ಕೆಳಗಿಳಿದ ಡೀಸೆಲ್. ಹಾಗಿದ್ದರೆ ಆಯಿಲ್ ಬದಲಾಯಿಸಲೇಬೇಕು.

ಸಕಲೇಶಪುರದವನು:

ರೀಡರ್ ತರಿಸಿದೆ. ಮಾರನಹಳ್ಳಿ ತನಕ ಇಳಿದು ವಾಪಸ್ ಹತ್ತಿದೆ, ಲೈಟ್ ಬಂತು. ಕೋಡ್ ಪಿ0299. ಫ್ರೀಜ್ ಫ್ರೇಮಿನಲ್ಲಿ ಆರ್‌ಪಿಎಂ 2300 ಚಿಲ್ಲರೆ, ಲೋಡ್ ನೂರರ ಹತ್ತಿರ. ಬೂಸ್ಟ್ ಬೇಕಾಗಿದ್ದು 210 ಕಿಲೋಪಾಸ್ಕಲ್, ಸಿಕ್ಕಿದ್ದು 145 ಅಂತ ತೋರಿಸುತ್ತಿದೆ. ಇನ್ನೊಂದು, ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದರೆ ಮ್ಯಾಪ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ) ಅಂತ ಇರುವಲ್ಲಿ 91 ಬರುತ್ತದೆ. ಗೂಗಲ್‌ನಲ್ಲಿ 101 ಇರಬೇಕು ಅಂತಾರೆ. ಹಾಗಾದರೆ ಸೆನ್ಸರ್ ಹೋಗಿದೆಯಾ?

ಗ್ರೀಸ್ ಕೈ:

ಇಲ್ಲ ಇಲ್ಲ, ನಿಮ್ಮ ಸೆನ್ಸರ್ ಸರಿಯಾಗಿಯೇ ಇದೆ. 101 ಅನ್ನುವುದು ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿನಲ್ಲಿ ಅಷ್ಟು ಬರುತ್ತದೆ. ಸಕಲೇಶಪುರ, ಹಾಸನ ಎಲ್ಲ ಸಾವಿರ ಮೀಟರ್ ಹತ್ತಿರದ ಊರು, ಗಾಳಿಯ ಒತ್ತಡವೇ 90ರ ಆಸುಪಾಸು. ಮುಳ್ಳಯ್ಯನಗಿರಿ ಮೇಲೆ ನೋಡಿದರೆ 80 ತೋರಿಸುತ್ತದೆ. ನಮ್ಮ ಊರಲ್ಲಿ ಕೀ ಆನ್ ಮಾಡಿದಾಗ 101 ಬಂದರೇ ಅನುಮಾನ ಪಡಬೇಕು. ಸಮುದ್ರ ಮಟ್ಟದ ಊರಿನವರ ವಿಡಿಯೋ ನೋಡಿ ಇಲ್ಲಿ ಸೆನ್ಸರ್ ಬದಲಾಯಿಸಿದವರು ಬೇಕಾದಷ್ಟು ಜನ ಇದ್ದಾರೆ.

ಪಿ0299 ಅಂದರೆ ಕೇಳಿದಷ್ಟು ಬೂಸ್ಟ್ ಸಿಗಲಿಲ್ಲ ಅಂತ ಮಾತ್ರ ಅರ್ಥ. ಯಾವ ಪಾರ್ಟ್ ಹೋಗಿದೆ ಅಂತ ಅದು ಹೇಳುವುದಿಲ್ಲ. ಟರ್ಬೋ ಗಾಳಿ ತುಂಬುತ್ತಿದ್ದರೂ ದಾರಿಯಲ್ಲಿ ಸೋರಿ ಹೋದರೆ ಇದೇ ಕೋಡ್ ಬರುತ್ತದೆ, ಹೆಚ್ಚಿನ ಗಾಡಿಗಳಲ್ಲಿ ನಾನು ಕಂಡಿದ್ದೂ ಅದೇ. ಟರ್ಬೋದಿಂದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಕೈಯಲ್ಲಿ ಹಿಂಡಿ, ಬಗ್ಗಿಸಿ, ಮುಖ್ಯವಾಗಿ ಅಡಿಭಾಗ ನೋಡಿ. ಹೋಸ್ ಒಳಗೆ ತೆಳ್ಳಗೆ ಆಯಿಲ್ ಇರುವುದು ಮಾಮೂಲು. ಹೊರಗೆ ಒಂದು ಕಡೆ ಮಾತ್ರ ಆಯಿಲ್ ಅಂಟಿ ಧೂಳು ಹಿಡಿದು ಕಪ್ಪಾಗಿದ್ದರೆ ಸೋರುತ್ತಿರುವುದು ಅಲ್ಲೇ. ಸೀಳು ಎಷ್ಟೋ ಸಲ ಸುಮ್ಮನೆ ಇದ್ದಾಗ ಕಾಣುವುದಿಲ್ಲ, ಒತ್ತಡ ಬಿದ್ದಾಗ ಬಾಯಿ ಬಿಡುತ್ತದೆ. ಸ್ಮೋಕ್ ಟೆಸ್ಟ್ (ಪೈಪಿನೊಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವುದು) ಮಾಡುವವರು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಕಡಿಮೆ ಒತ್ತಡದಲ್ಲಿ ಗಾಳಿ ಬಿಟ್ಟು ಸೋಪ್ ನೀರು ಹಚ್ಚಿದರೂ ಗುಳ್ಳೆ ಬರುತ್ತದೆ.

ಅಲ್ಲಿ ಏನೂ ಸಿಗದಿದ್ದರೆ ಸಣ್ಣ ವ್ಯಾಕ್ಯೂಮ್ ಪೈಪ್‌ಗಳು. ವ್ಯಾಕ್ಯೂಮ್‌ನಿಂದ ನಡೆಯುವ ವೇರಿಯಬಲ್ ಟರ್ಬೋ (ಬೂಸ್ಟ್ ಹೆಚ್ಚುಕಮ್ಮಿ ಮಾಡಬಲ್ಲದ್ದು) ಆಗಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಪಕ್ಕದ ರಾಡ್ ಸರಕ್ಕನೆ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ವಾಪಸ್ ಬರಬೇಕು. ಒಬ್ಬರು ಕೀ ತಿರುಗಿಸಲಿ, ನೀವು ನೋಡಿ. ಅದೂ ಸರಿ ಇದ್ದರೆ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್‌ಗೆ ಬಿಡುವುದು) ತೆರೆದೇ ಸಿಕ್ಕಿಕೊಂಡಿದೆಯಾ ಅಂತ ನೋಡಿ. ಟರ್ಬೋ ಬಿಚ್ಚುವ ಮಾತು ಇದೆಲ್ಲ ಆದ ಮೇಲೆ. ತೋಟದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುತ್ತೀರಾ? ಹಾಗಿದ್ದರೆ ಇಲಿ ಕಡಿದಿದೆಯಾ ಅಂತಲೂ ನೋಡಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟಿದ್ದನ್ನೇ ತೆಗೆದಿದ್ದೇನೆ.

ಹತ್ತು ಚಕ್ರ:

ಚಿಕ್ಕಮಗಳೂರಿನಲ್ಲಿ ನಮ್ಮದು ಲಾರಿ ವ್ಯವಹಾರ. ಪವರ್ ಹೇಗೆ ಹೋಗುತ್ತದೆ ಅನ್ನುವುದನ್ನು ಡ್ರೈವರ್ ಸರಿಯಾಗಿ ಗಮನಿಸಿದರೆ ಅರ್ಧ ಕೆಲಸ ಆಯಿತು. ಇವರಿಗೆ ಆದ ಹಾಗೆ ಫ್ಯೂಸ್ ಹೋದಂತೆ ಒಂದೇ ಸಲಕ್ಕೆ ಕಟ್ ಆದರೆ ಕಂಪ್ಯೂಟರ್ ಕೆಲಸ. ಲೋಡ್ ಹಾಕಿಕೊಂಡು ಏರು ಹತ್ತುತ್ತಾ ಹತ್ತುತ್ತಾ ಮೆಲ್ಲಗೆ ಸೊರಗಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಎಳೆಯುತ್ತದೆ ಅಂದರೆ ಮೊದಲು ಡೀಸೆಲ್ ಫಿಲ್ಟರ್ ನೋಡಿ. ಮಳೆಗಾಲದಲ್ಲಿ ಫಿಲ್ಟರ್ ಅಡಿಯ ತಿರುಪು ಬಿಚ್ಚಿ ನೀರು ಇಳಿಸುವುದನ್ನು ನಮ್ಮ ಹುಡುಗರು ಬಿಡುವುದಿಲ್ಲ. ಡೀಸೆಲ್‌ನಲ್ಲಿ ನೀರಿದೆ ಅನ್ನುವ ಲೈಟ್ ಬಂದ ಮೇಲೂ ಓಡಿಸಿದರೆ ಇಂಜೆಕ್ಟರ್ ಹೋಗುತ್ತದೆ, ಅದರ ಖರ್ಚು ಕೇಳಬೇಡಿ.

ಈಗಿನ ಲಾರಿಗಳಲ್ಲಿ ಇನ್ನೊಂದು ಕಾಟ ಡಿಇಎಫ್, ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ದ್ರವ. ನೂರಕ್ಕೆ 32.5 ಭಾಗ ಯೂರಿಯಾ, ಉಳಿದಿದ್ದು ಶುದ್ಧ ನೀರು. ಟ್ಯಾಂಕ್ ಖಾಲಿಯಾದರೆ ಅಥವಾ ಯಾರೋ ಅಗ್ಗಕ್ಕೆ ಸಿಗುತ್ತೆ ಅಂತ ಎಂಥದ್ದೋ ತುಂಬಿಸಿದರೆ ಮೊದಲು ಲೈಟ್ ಬರುತ್ತದೆ, ಆಮೇಲೆ ಗಾಡಿಯೇ ಪವರ್ ಕಡಿಮೆ ಮಾಡುತ್ತದೆ. ಚಾರ್ಮಾಡಿ ತಿರುವಿನಲ್ಲಿ ಹಾಗಾದರೆ ಹಿಂದಿನವರ ಬೈಗುಳ ಎಲ್ಲ ನಮಗೇ.

ಅರೇಬಿಕಾ:

ನನ್ನದು ಪೆಟ್ರೋಲ್ ಕಾರು. ಜೋರು ಮಳೆಯಲ್ಲಿ ಎಂಜಿನ್ ಲೈಟ್ ಮಿಣುಕುತ್ತದೆ, ಗಾಡಿ ನಡುಗುತ್ತದೆ, ಮಳೆ ನಿಂತ ಮೇಲೆ ಸರಿ. ಹೀಗೇ ಓಡಿಸಬಹುದಾ?

ಗ್ರೀಸ್ ಕೈ:

ಓಡಿಸಬೇಡಿ. ಎಂಜಿನ್ ಲೈಟ್ ಹಳದಿಯಾಗಿ ನಿಂತಿದ್ದರೆ ನಿಧಾನಕ್ಕೆ ಗ್ಯಾರೇಜ್ ತನಕ ಹೋಗಬಹುದು, ಮಿಣುಕುತ್ತಿದ್ದರೆ ಮಿಸ್‌ಫೈರ್. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಅಲ್ಲಿ ಉರಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಮಳೆಯಲ್ಲಿ ಮಾತ್ರ ಅಂದರೆ ಇಗ್ನಿಷನ್ ಕಾಯಿಲ್ ಅಥವಾ ಪ್ಲಗ್ ಮೇಲಿನ ರಬ್ಬರ್ ಸೀಳಿರಬಹುದು. ಇನ್ನು ಕೆಂಪು ಆಯಿಲ್ ಲೈಟ್, ಕೆಂಪು ಟೆಂಪರೇಚರ್ ಲೈಟ್ ಬಂದರೆ ಯೋಚನೆ ಮಾಡುತ್ತಾ ಕೂರಬೇಡಿ, ಜಾಗ ನೋಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ.

ಸಕಲೇಶಪುರದವನು:

ಸಿಕ್ಕಿತು! ಬೇರೆ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿದೆ. ಇಂಟರ್‌ಕೂಲರ್‌ನಿಂದ ಎಂಜಿನ್‌ಗೆ ಹೋಗುವ ಹೋಸ್, ಕ್ಲಾಂಪ್ ಪಕ್ಕದಲ್ಲೇ, ಅಡಿಯಲ್ಲಿ, ಹೆಬ್ಬೆರಳು ಉದ್ದದ ಸೀಳು. ಮೇಲಿಂದ ನೋಡಿದರೆ ಹೊಸದರ ಹಾಗೇ ಇತ್ತು. ಹೋಸ್, ಕ್ಲಾಂಪ್, ಕೂಲಿ ಎಲ್ಲ ಸೇರಿ ಮೊದಲು ಹೇಳಿದ ರೇಟಿನ ಹತ್ತರಲ್ಲೊಂದು ಭಾಗವೂ ಆಗಲಿಲ್ಲ. ಶಿರಾಡಿಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ನೋಡಿದೆ, ಬೂಸ್ಟ್ 200ರ ಮೇಲೆ ಬರುತ್ತಿದೆ. ಲೈಟ್ ಬಂದಿಲ್ಲ. ಗ್ರೀಸ್ ಕೈ ಅಣ್ಣ, ಹಾಸನಕ್ಕೆ ಬಂದಾಗ ಕಾಫಿ ನನ್ನದು.

ಗ್ರೀಸ್ ಕೈ:

ಕಾಫಿ ಪುಡಿ ತಗೊಂಡು ಬನ್ನಿ, ಚಿಕೋರಿ ಬೇಡ. ಕ್ಲಾಂಪನ್ನು ಸ್ವಲ್ಪ ದಿನ ಓಡಿಸಿದ ಮೇಲೆ ಇನ್ನೊಂದು ಸಲ ಟೈಟ್ ಮಾಡಿಸಿ, ಹೊಸ ರಬ್ಬರ್ ಬಿಸಿಗೆ ಕೂರುತ್ತದೆ.