ಬೋಟ್ ಟ್ರೇಲರ್‌ನ ‘ಬಂಕ್’ಗೆ ಕನ್ನಡದಲ್ಲಿ ಏನನ್ನೋಣ? ಅದರ ‘ಕವರ್’ಗೆ?

ಎಲ್ಲರಿಗೂ ನಮಸ್ಕಾರ.

ಎರಡು ಮೂರು ಪದ ಕೇಳಬೇಕಿತ್ತು. ಅವು ಯಾಕೆ ಬೇಕಾದವು ಅಂತ ಮೊದಲು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ವಸ್ತು ಕಣ್ಣಿಗೆ ಕಟ್ಟದಿದ್ದರೆ ಪದ ಹುಡುಕುವುದು ಸುಮ್ನೆ ಕತ್ತಲಲ್ಲಿ ತಡಕಾಡಿದ ಹಾಗೆ.

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಪಕ್ಕ. ಭಾವನ ಹತ್ತಿರ 14 ಅಡಿಯ ಒಂದು ಫೈಬರ್ ದೋಣಿ ಇದೆ. ಅದನ್ನು ಟ್ರೇಲರ್ ಮೇಲೆ ಕೂರಿಸಿ, ಜೀಪಿಗೆ ಕಟ್ಟಿ, ನೀರಿನ ಅಂಚಿಗೆ ಒಯ್ಯುತ್ತೇವೆ. ಟ್ರೇಲರ್‌ನ ಕಬ್ಬಿಣದ ಚೌಕಟ್ಟಿನ ಮೇಲೆ ಉದ್ದಕ್ಕೆ ಎರಡು ಮರದ ಹಲಗೆ ಇರುತ್ತವೆ, ದೋಣಿಯ ಹೊಟ್ಟೆ ಅವುಗಳ ಮೇಲೆ ಕೂರುತ್ತದೆ. ಹಲಗೆಯ ಬದಲು ರಬ್ಬರಿನ ಉರುಳೆ ಇರುವ ಟ್ರೇಲರ್‌ಗಳೂ ಇವೆ, ಆದರೆ ಉರುಳೆಯಲ್ಲಿ ಭಾರವೆಲ್ಲ ಅಲ್ಲಲ್ಲಿ ನಾಲ್ಕಾರು ಕಡೆ ಬೀಳುತ್ತದೆ, ಹಲಗೆಯಲ್ಲಾದರೆ ಉದ್ದಕ್ಕೂ ಹಂಚಿಹೋಗುತ್ತದೆ. ಈ ಹಲಗೆಯನ್ನೇ ಇಂಗ್ಲಿಷಿನಲ್ಲಿ ಬಂಕ್ ಅನ್ನುತ್ತಾರೆ.

ಈ ಸಲ ಮಳೆ ಮುಗಿದ ಮೇಲೆ ಅದನ್ನು ಹೊಸದು ಮಾಡಿದೆವು. ಹಲಗೆಗೆ ಸುತ್ತಿದ್ದ ಕಾರ್ಪೆಟ್ ನೀರು ಹೀರಿ ಹೀರಿ ಬೂಸ್ಟು ಹಿಡಿದಿತ್ತು. ಬೆರಳಲ್ಲಿ ಒತ್ತಿದರೆ ಕಂದು ನೀರು ಬರುತ್ತಿತ್ತು. ಒಂದು ತುದಿ ಹರಿದು, ಕೆಳಗಿನ ತುಕ್ಕು ಹಿಡಿದ ಪಿನ್ನು ಮೇಲೆದ್ದು, ದೋಣಿಯ ತಳಕ್ಕೆ ಒಂದು ಗೇಣು ಗೀರು ಎಳೆದಿತ್ತು. ಅದನ್ನು ಕಿತ್ತು, ಮರ ಒಣಗಿಸಿ, ಜಾರುವ ಪ್ಲಾಸ್ಟಿಕ್ ಹಾಕಿಸಿದೆವು. ಜೊತೆಗೆ ಲೈಟನ್ನೂ ಹಾಕಿಸಿದೆವು. ದೋಣಿ ಬಳಸುವ ಹುಡುಗರಿಗಾಗಿ ಒಂದು ಹಾಳೆಯಲ್ಲಿ ಸೂಚನೆ ಬರೆದು ಶೆಡ್ಡಿನ ಗೋಡೆಗೆ ಅಂಟಿಸುವ ಕೆಲಸ ನನಗೆ ಬಂತು. ತೊಂದರೆ ಶುರುವಾಗಿದ್ದು ಅಲ್ಲಿ.

ಮೊದಲು ‘ಬಂಕ್’. ಈ ಪದಕ್ಕೆ ನಮ್ಮಲ್ಲಿ ಆಗಲೇ ಬೇರೆ ಕೆಲಸ ಇದೆ. ಬಂಕ್ ಅಂದರೆ ಪೆಟ್ರೋಲ್ ಬಂಕ್. ಕಾಲೇಜು ಹುಡುಗರಿಗೆ ಕ್ಲಾಸ್ ಬಂಕ್. ಕೆಲವು ಕಡೆ ಬೀಡಾ ಮಾರುವ ಗೂಡಂಗಡಿಗೂ ಬಂಕ್ ಅನ್ನುತ್ತಾರೆ. ವೈರಿಂಗ್ ಮಾಡುವ ಹುಡುಗನಿಗೆ ಫೋನಿನಲ್ಲಿ “ಬಂಕಿಗೆ ಲೈಟ್ ಹಾಕಬೇಕಿತ್ತು” ಅಂದೆ. ಅವನು “ಯಾವ ಬಂಕಣ್ಣ, ಮೇನ್ ರೋಡಿಂದಾ? ಏಣಿ ಬೇಕಾ?” ಅಂದ. ಅವನ ತಪ್ಪೇನಿಲ್ಲ.

ಆಮೇಲೆ ‘ಲಾಂಚ್’. ಇಂಗ್ಲಿಷಿನ ಟ್ರೇಲರ್ ಪುಸ್ತಿಕೆಗಳಲ್ಲಿ ದೋಣಿಯನ್ನು ನೀರಿಗಿಳಿಸುವುದಕ್ಕೆ ಲಾಂಚ್ ಮಾಡುವುದು ಅಂತಲೇ ಇರುತ್ತದೆ. ನಮ್ಮ ಕಡೆ ಲಾಂಚ್ ಅಂದರೆ ಹೊಳೆಬಾಗಿಲಿನ ಲಾಂಚ್, ಹಸಿರುಮಕ್ಕಿ ಲಾಂಚ್, ಮುಪ್ಪಾನೆ ಲಾಂಚ್. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು, ಹಿನ್ನೀರು ನಿಂತು, ಆಚೆ ದಡದ ಊರುಗಳು ಆಚೆಗೇ ಉಳಿದುಬಿಟ್ಟವು. ಬಸ್ಸು ಜೀಪನ್ನೂ ಹೊತ್ತು ದಾಟಿಸಿದ ಆ ಲಾಂಚು ಇಲ್ಲಿಯವರ ಬದುಕಿನ ಪದ. 2025ರ ಜುಲೈಯಲ್ಲಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು, ಹಾಗಂತ ಪದದ ಅರ್ಥ ಬದಲಾಗಲಿಲ್ಲ. “ಲಾಂಚ್ ಮಾಡುವಾಗ ಪಿನ್ ತೆಗೆಯಿರಿ” ಅಂತ ಬರೆದರೆ ಇಲ್ಲಿ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ‘ನೀರಿಗಿಳಿಸುವಾಗ’ ಅಂತ ಬರೆದೆ. ಇದರಲ್ಲಿ ಚರ್ಚೆ ಬೇಕಿಲ್ಲ ಅಂದುಕೊಂಡಿದ್ದೇನೆ.

ನಿಜವಾದ ಪೆಟ್ಟು ಬಿದ್ದಿದ್ದು ‘ಕವರ್’ನಿಂದ, ಅಂದರೆ ಹಲಗೆಗೆ ತೊಡಿಸಿದ ಆ ಪ್ಲಾಸ್ಟಿಕ್ಕಿಗೆ ನಾನು ಬಳಸಿದ ಪದದಿಂದ. ಪ್ಲಾಸ್ಟಿಕ್ ಹಾಕಿದ ಹಲಗೆಯ ಮೇಲೆ ದೋಣಿ ತುಂಬಾ ಸಲೀಸಾಗಿ ಜಾರುತ್ತದೆ. ಒದ್ದೆ ಕಾರ್ಪೆಟ್ಟಿನ ಮೇಲೆ ಇಬ್ಬರು ತಳ್ಳಿದರೂ ಕದಲದ್ದು ಇದರ ಮೇಲೆ ಒಂದೇ ಕೈಗೆ ಹೊರಡುತ್ತದೆ. ಹಾಗಾಗಿ ದೋಣಿಯ ಮೂತಿಗೆ ಹಾಕಿರುವ ವಿಂಚಿನ (ಹಗ್ಗ ಸುತ್ತಿ ಎಳೆಯುವ ರಾಟೆಯ) ಕೊಕ್ಕೆಯನ್ನು ಹಿಂಬದಿ ತೇಲುವ ತನಕ ಬಿಚ್ಚಲೇಬಾರದು. ಹಾಳೆಯಲ್ಲಿ ನಾನು ಬರೆದದ್ದು ಹೀಗೆ: “ಕವರ್ ಇರುವಾಗ ನೀರಿಗೆ ಹೋಗುವ ಮೊದಲು ಕೊಕ್ಕೆ ಬಿಚ್ಚಬೇಡಿ.” ದೋಣಿ ಬಳಸುವ ಹುಡುಗರಲ್ಲಿ ಒಬ್ಬ ಓದಿದ. ಅವನ ಪಾಲಿಗೆ ಕವರ್ ಅಂದರೆ ದೋಣಿಯ ಮೇಲೆ ಹೊದಿಸುವ ನೀಲಿ ಟಾರ್ಪಾಲು. ಟಾರ್ಪಾಲು ಆಗಲೇ ತೆಗೆದಾಗಿತ್ತು. ಕವರ್ ಇಲ್ಲವಲ್ಲ ಅಂತ ದಡದ ಇಳಿಜಾರಿನಲ್ಲೇ ಕೊಕ್ಕೆ ಬಿಚ್ಚಿದ. ದೋಣಿ ಹಿಂದಕ್ಕೆ ಜಾರಿ ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತಿತು. ಯಾರ ಕಾಲೂ ಅಡಿಗೆ ಸಿಗಲಿಲ್ಲ, ಅಷ್ಟು ಸಾಕು. ತಳದ ಬಣ್ಣ ಒಂದು ಮೊಳ ಎದ್ದುಹೋಗಿದೆ. ಕವರ್ ಅಂದರೆ ನಮಗೆ ಅಂಗಡಿಯಲ್ಲಿ ಸಾಮಾನು ಹಾಕಿಕೊಡುವ ಚೀಲ, ಅಂಚೆಯ ಲಕೋಟೆ, ಗಾಡಿ ಮುಚ್ಚುವ ಟಾರ್ಪಾಲು, ಎಲ್ಲವೂ ಹೌದು. ಹಲಗೆಗೆ ತೊಡಿಸಿದ್ದು ಮಾತ್ರ ಯಾರ ತಲೆಗೂ ಬರುವುದಿಲ್ಲ.

ಅದಕ್ಕೇ ಹಾಳೆಯನ್ನು ಹೊಸದಾಗಿ ಬರೆಯಲು ಕೂತಿದ್ದೇನೆ. ಹಲಗೆಗೆ ಏನನ್ನಬಹುದು ಅಂತ ಸುತ್ತಮುತ್ತಲಿನವರನ್ನೆಲ್ಲ ಕೇಳಿದೆ.

ಬಡಗಿ ಅದನ್ನು ‘ಪಕಾಸಿ’ ಅಂದರು. ಅವರು ನೋಡಿದ್ದು ಮರದ ಅಳತೆಯನ್ನು, ನಾಲ್ಕು ಇಂಚಿಗೆ ಎರಡು ಇಂಚು. ಆದರೆ ಪಕಾಸಿ, ಜಂತೆ, ತೊಲೆ ಎಲ್ಲವೂ ಮಾಡಿನ ಪದಗಳು, ತಲೆಯ ಮೇಲೆ ಇರುವಂಥವು. ದೋಣಿಯ ಅಡಿಗೆ ಅವು ಬರುವುದು ನನಗೆ ಹೊಂದಿಕೆ ಆಗಲಿಲ್ಲ. ಗೆಳೆಯನೊಬ್ಬ ‘ಹಾಸುಹಲಗೆ’ ಅಂದ. ಹಾಸು ಅಂದರೆ ಅಗಲಕ್ಕೆ ಹರಡಿದ್ದು, ಹಾಸಿಗೆ, ಹಾಸುಗಲ್ಲು. ಇದು ಎರಡೇ ಪಟ್ಟಿ, ನಡುವೆ ಖಾಲಿ. ‘ಒರಗು’ ಪಕ್ಕಕ್ಕೆ ಆನಿಸಿಕೊಳ್ಳುವುದು, ಭಾರ ಹೊರುವುದಲ್ಲ.

ನನಗೆ ತುಂಬಾ ಆಸೆ ಹುಟ್ಟಿಸಿದ್ದು ‘ಸಿಂಬೆ’. ನೀರಿನ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ, ಮಡಕೆ ಉರುಳದ ಹಾಗೆ ಅಡಿಗಿಡುವ ಹುಲ್ಲಿನ ಬಳೆ. ಮಾಡುವ ಕೆಲಸ ನೋಡಿದರೆ ಇದಕ್ಕಿಂತ ಹತ್ತಿರದ ಪದ ಇಲ್ಲ. ಗುಂಡು ತಳದ ಪಾತ್ರೆ ವಾಲಬಾರದು, ಗಟ್ಟಿ ವಸ್ತು ಗಟ್ಟಿ ವಸ್ತುವಿಗೆ ತಾಗಬಾರದು, ಎರಡನ್ನೂ ಸಿಂಬೆ ನೋಡಿಕೊಳ್ಳುತ್ತದೆ. ಆದರೆ ಸಿಂಬೆ ಅಂದ ತಕ್ಷಣ ಕಣ್ಣಿಗೆ ಬರುವುದು ಬಳೆಯ ಆಕಾರ. ಆರೇಳು ಅಡಿ ಉದ್ದದ ಹಲಗೆಗೆ ಸಿಂಬೆ ಅಂದರೆ ಓದಿದವನು ಮತ್ತೆ ತಪ್ಪಾಗಿಯೇ ಹುಡುಕುತ್ತಾನೆ. ಮನಸ್ಸಿಲ್ಲದೆ ಬಿಟ್ಟೆ.

ಕೊನೆಗೆ ಪದ ಸಿಕ್ಕಿದ್ದು ಅತ್ತೆಯಿಂದ. ಹೊಸ ಹಲಗೆ ಬಿಗಿದು ದೋಣಿ ಮೇಲೇರಿಸುವಾಗ ಅಂಗಳಕ್ಕೆ ಬಂದು ನೋಡಿ, “ದೋಣಿಗೂ ತಲೆಗಿಂಬು ಇಟ್ಟಾಂಗೆ ಇಟ್ಟಿದೀರಲ್ಲ” ಅಂದರು. ತಲೆಗಿಂಬು! ತಲೆಗೆ ಇಂಬು ಅದು. ಇಂಬು ಅಂದರೆ ಆಸರೆ, ಎಡೆ, ಭಾರ ಇಳಿಸಿ ನೆಮ್ಮದಿಯಾಗಿ ಇರುವ ಜಾಗ. ಹಾಗಾದರೆ ದೋಣಿಯ ಹೊಟ್ಟೆ ಮಲಗುವ ಹಲಗೆ ‘ಇಂಬುಹಲಗೆ’ ಅಲ್ವಾ? ಒಂದು ಸಲ ಹೇಳಿಕೊಟ್ಟರೆ ಸಾಕು, ಆಮೇಲೆ ಬರೀ ‘ಇಂಬು’ ಅಂದರೂ ನಡೆಯುತ್ತದೆ. ಎಡ ಇಂಬು, ಬಲ ಇಂಬು.

ಇದಕ್ಕೆ ಒಂದು ಎದುರುಮಾತು ನನಗೇ ಹೊಳೆದಿದೆ. ಪತ್ರಿಕೆಗಳಲ್ಲಿ ‘ವದಂತಿಗೆ ಇಂಬು ನೀಡಿತು’ ಅಂತ ಬರೆದು ಬರೆದು, ಇಂಬು ಅಂದರೆ ಕುಮ್ಮಕ್ಕು ಅನ್ನುವ ಅರ್ಥವೇ ಈಗ ಜಾಸ್ತಿ ಚಾಲ್ತಿಯಲ್ಲಿದೆ. ಆದರೂ ‘ಹಲಗೆ’ ಜೊತೆಗಿರುವ ತನಕ ಆ ಗೊಂದಲ ಬರಲಾರದು.

ಇಂಬು ನನಗೆ ಇಷ್ಟವಾಗಲು ಇನ್ನೊಂದು ಕಾರಣ, ಅದು ಎರಡನೆಯ ಪದವನ್ನೂ ತಾನೇ ಕರೆದುಕೊಂಡು ಬಂತು. ದಿಂಬಿಗೆ ಏನು ಹಾಕುತ್ತೇವೆ? ಗವಸು. ಹಾಗೇ ಇಂಬಿಗೂ ಗವಸು. ಕೈಗವಸು ಮೊದಲಿಂದಲೂ ಇತ್ತು, ಮುಖಗವಸು 2020ರಲ್ಲಿ ಎಲ್ಲರ ಬಾಯಿಗೂ ಬಂತು. ಹಾಗಾಗಿ ತೊಡಿಸುವ ವಸ್ತು ಅನ್ನುವುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಟಾರ್ಪಾಲಿನ ಜೊತೆ ಬೆರೆಯುವುದೂ ಇಲ್ಲ.

ಆದರೆ ಎಲ್ಲವನ್ನೂ ಗವಸು ಅನ್ನಲಾಗದು. ಇಲ್ಲಿ ಕ್ರಿಯಾಪದವನ್ನು ನೋಡಬೇಕು ಅನ್ನಿಸುತ್ತದೆ. ಕಾರ್ಪೆಟ್ಟನ್ನು ಹಲಗೆಗೆ ಸುತ್ತುತ್ತೇವೆ, ಅಡಿಯಲ್ಲಿ ಸ್ಟೀಲ್ ಪಿನ್ನು ಹೊಡೆಯುತ್ತೇವೆ. ಹಾಗಾಗಿ ಅದು ‘ಸುತ್ತು’ ಅಥವಾ ‘ಹೊದಿಕೆ’. ಕೊಳವೆಯ ಹಾಗಿರುವ ಪ್ಲಾಸ್ಟಿಕ್ಕನ್ನು ಹಲಗೆಯ ತುದಿಯಿಂದ ತೂರಿಸಿ ತೊಡಿಸುತ್ತೇವೆ, ಇದು ಗವಸು. ಮೂರನೆಯದು ಗಟ್ಟಿ ಪಾಲಿಥೀನಿನ ಚಪ್ಪಟೆ ತುಂಡು, ಹಲಗೆಯ ಮೇಲೆ ಸಾಲಾಗಿ ಇಟ್ಟು ಸ್ಕ್ರೂ ಬಿಗಿಯುವಂಥದ್ದು. ಇದಕ್ಕೆ ‘ಜಾರುಪಟ್ಟಿ’ ಅಂತ ಇಟ್ಟಿದ್ದೇನೆ. ಸ್ಕ್ರೂವಿನ ತಲೆ ಪಟ್ಟಿಯೊಳಗೆ ಇಳಿದು ಕೂರಬೇಕು, ಮೇಲೆದ್ದರೆ ಅದೇ ದೋಣಿಯನ್ನು ಗೀರುತ್ತದೆ. ಈ ‘ಇಳಿದು ಕೂರು’ ಅನ್ನುವುದು ಬಡಗಿಯ ಮಾತು. ಅದನ್ನು ಹಾಗೇ ಇಟ್ಟುಕೊಂಡೆ.

ಮರದ ಬಗ್ಗೆಯೂ ಒಂದು ಸಾಲು ಬರೆಯಬೇಕಿತ್ತು. ಗೆದ್ದಲು, ಕೊಳೆತ ತಡೆಯಲು ರಾಸಾಯನಿಕ ಊಡಿಸಿದ ಮರದಲ್ಲಿ ತಾಮ್ರ ಇರುವುದುಂಟು. ಫೈಬರ್ ದೋಣಿಗೆ ಅದರಿಂದ ತೊಂದರೆ ಇಲ್ಲ. ಅಲ್ಯೂಮಿನಿಯಂ ದೋಣಿಯಾದರೆ, ಒದ್ದೆ ಹೊದಿಕೆಯ ಮೂಲಕ ತಾಮ್ರ ತಾಗಿ ತಳದಲ್ಲಿ ಸಣ್ಣ ಸಣ್ಣ ಗುಳಿ ತಿನ್ನುತ್ತದೆ. ಇದಕ್ಕೆ ‘ಸಂಸ್ಕರಿಸಿದ ಮರ’ ಅಂತ ಬರೆದರೆ ಯಾರಿಗೂ ತಟ್ಟುವುದಿಲ್ಲ. ಅಡಿಕೆ ಕೊನೆಗೆ ಔಷಧಿ ಹೊಡೆಯುವ ಊರು ಇದು, ‘ಔಷಧಿ ಹೊಡೆದ ಮರ’ ಅಂದರೆ ಸಾಕು.

ಇನ್ನು ಲೈಟು. ಮುಸ್ಸಂಜೆ ದೋಣಿ ವಾಪಸ್ ಏರಿಸುವಾಗ ಇಂಬು ನೀರಿನಡಿ ಎಲ್ಲಿದೆ ಅಂತ ಕಾಣುವುದಿಲ್ಲ. ಅದಕ್ಕೆ ಎರಡೂ ಇಂಬಿನ ಒಳಮೈಗೆ ನೀರು ನುಗ್ಗದ ಎಲ್‌ಇಡಿ ಪಟ್ಟಿ ಹಾಕಿದೆವು, ಹಿಂದಿನ ಎರಡು ಮೂಲೆಗೆ ನಿಲ್ಲಿಸಿದ ಗೂಟದ ತುದಿಗೆ ಒಂದೊಂದು ದೀಪ. ಟ್ರೇಲರ್ ಮುಳುಗಿದರೂ ಗೂಟದ ತಲೆ ನೀರಿನ ಮೇಲೆ ನಿಲ್ಲುತ್ತದೆ, ಎರಡು ದೀಪದ ನಡುವೆ ದೋಣಿ ತಂದರೆ ಆಯಿತು. ‘ಇಂಬುದೀಪ’, ‘ಗೂಟದೀಪ’ ಅಂತ ಬರೆದಿದ್ದೇನೆ.

ಬೇರೆಬೇರೆ ಮಾಡಿ ಹೇಳಬೇಕಾದ್ದು ಆರಿಸುವುದು ಮತ್ತು ಕಳಚುವುದನ್ನು. ಟ್ರೇಲರ್ ಹಿಂಬದಿಯ ಬ್ರೇಕ್ ಲೈಟು, ಇಂಡಿಕೇಟರ್ ಹಳೇ ಬಲ್ಬಿನವು. ರಸ್ತೆಯಲ್ಲಿ ಉರಿದು ಬಿಸಿಯಾಗಿರುತ್ತವೆ, ಹಾಗೇ ತಣ್ಣೀರಿಗೆ ಮುಳುಗಿಸಿದರೆ ಸಿಡಿಯುತ್ತವೆ. ಅದಕ್ಕೆ ನೀರಿಗಿಳಿಸುವ ಮೊದಲು ಜೀಪಿನಿಂದ ಬರುವ ವೈರಿನ ಪಿನ್ನನ್ನೇ ಎಳೆದು ಬೇರೆ ಮಾಡಿ, ಬಲ್ಬು ತಣ್ಣಗಾಗಲು ಬಿಡಬೇಕು. ಇಂಬುದೀಪ, ಗೂಟದೀಪಕ್ಕೆ ಬೇರೆ ಬ್ಯಾಟರಿ ಇದೆ. ನಾನು ಮೊದಲು “ಲೈಟ್ ತೆಗೆಯಿರಿ” ಅಂತ ಬರೆದಿದ್ದೆ. ನಮ್ಮ ಮನೆಗಳಲ್ಲಿ ಲೈಟ್ ತೆಗೆ ಅಂದರೆ ಸ್ವಿಚ್ ಒತ್ತಿ ಆರಿಸು ಅಂತ. ಹುಡುಗರು ಜೀಪಿನ ಸ್ವಿಚ್ ಆರಿಸಿ ಹಿಂದಕ್ಕೆ ಬಿಟ್ಟರೆ, ಬ್ರೇಕ್ ತುಳಿದ ಕೂಡಲೇ ಬಲ್ಬು ಮತ್ತೆ ಉರಿಯುತ್ತದೆ. ಈಗ “ಪಿನ್ ಕಳಚಿ” ಅಂತ ಮಾಡಿದ್ದೇನೆ. ಕಳಚು ಅನ್ನುವುದರಲ್ಲಿ ಎರಡು ವಸ್ತು ಬೇರೆಯಾಗುವುದು ಕಾಣುತ್ತದೆ. ‘ಕೀಳು’ ಅಂದರೆ ವೈರನ್ನೇ ಕಿತ್ತುಬಿಡುತ್ತಾರೆ ಅನ್ನುವ ಭಯ.

ಹಾಳೆಯ ಮುಖ್ಯ ಸಾಲುಗಳು ಈಗ ಹೀಗಿವೆ:

“ನೀರಿಗಿಳಿಸುವ ಮೊದಲು ಜೀಪಿನ ವೈರಿನ ಪಿನ್ ಕಳಚಿ. ಇಂಬುಹಲಗೆಗೆ ಗವಸು ತೊಡಿಸಿದೆ, ದೋಣಿ ತಾನಾಗಿಯೇ ಜಾರುತ್ತದೆ. ಹಿಂಬದಿ ತೇಲುವ ತನಕ ಮೂತಿಯ ಕೊಕ್ಕೆ ಬಿಚ್ಚಬೇಡಿ.”

ನನ್ನ ಪ್ರಶ್ನೆ ಮೂರು. ಟ್ರೇಲರ್ ಕಂಡೇ ಇಲ್ಲದವರಿಗೂ ‘ಇಂಬುಹಲಗೆ’ ಅಂದಾಗ ಮೇಲೆ ಏನೋ ಮಲಗುವ ಹಲಗೆ ಅಂತ ಹೊಳೆಯುತ್ತದೆಯೇ? ‘ಗವಸು’ ಅಂದರೆ ಬಟ್ಟೆಯದೇ ಆಗಬೇಕು ಅಂತ ನಿಮ್ಮ ಕಡೆ ಅನ್ನಿಸುತ್ತದೆಯೇ, ಪ್ಲಾಸ್ಟಿಕ್ಕಿಗೂ ಒಗ್ಗುತ್ತದೆಯೇ? ಕುಂದಾಪುರ, ಬೈಂದೂರು, ಭಟ್ಕಳದ ಕಡೆಯವರಿಗೆ ಮೂರನೆಯದು: ದೋಣಿಯನ್ನು ಮರಳಿನ ಮೇಲೆ ಎಳೆದು ನಿಲ್ಲಿಸುವಾಗ ಅಡಿಗೆ ಕೊಡುವ ಮರದ ತುಂಡಿಗೆ ನೀವು ಏನನ್ನುತ್ತೀರಿ? ಅದು ಬಾಯಲ್ಲಿ ಬಳಕೆಯಲ್ಲಿರುವ ಪದವಾದರೆ ನನ್ನ ಇಂಬನ್ನು ಬಿಟ್ಟು ಅದನ್ನೇ ಬರೆಯುತ್ತೇನೆ. ಹಾಳೆಯನ್ನು ಈ ಭಾನುವಾರ ಲ್ಯಾಮಿನೇಷನ್ ಮಾಡಿಸಬೇಕು, ಅಷ್ಟರೊಳಗೆ ಹೇಳಿದರೆ ಉಪಕಾರ.