ಪದಚರ್ಚೆ: ದನಿ ಬೆಚ್ಚಗಿರಬಹುದೇ?

ಗೆಳೆಯರಿಗೆ ನಮಸ್ಕಾರ.

ಹಳೆಯ ಅನಲಾಗ್ ಸಿಂಥಸೈಜರ್, ಅಂದರೆ ಕಂಪ್ಯೂಟರ್ ಲೆಕ್ಕವಿಲ್ಲದೆ ಬರೀ ವಿದ್ಯುತ್ ಸರ್ಕ್ಯೂಟ್‌ಗಳಿಂದಲೇ ದನಿ ಹುಟ್ಟಿಸುವ ವಾದ್ಯದ ಬಗ್ಗೆ ಒಂದು ಬರಹ ಶುರು ಮಾಡಿದ್ದೇನೆ. ಮೊದಲ ಪುಟದಲ್ಲೇ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಕೂತಿದ್ದೇನೆ. ಈ ವಾದ್ಯ ನುಡಿಸುವವರನ್ನು ಕೇಳಿ, ಅದರ ದನಿ ‘ವಾರ್ಮ್’ ಅನ್ನುತ್ತಾರೆ. ‘ಫ್ಯಾಟ್’ ಅಂತಲೂ ಸೇರಿಸುತ್ತಾರೆ. ನಾನು ‘ಬೆಚ್ಚನೆಯ ದನಿ’ ಅಂತ ಬರೆದೆ, ಜೋರಾಗಿ ಓದಿದೆ, ಹೊಡೆದು ಹಾಕಿದೆ. ನಮ್ಮಲ್ಲಿ ಹಾಡು ಚೆನ್ನಾಗಿದ್ದರೆ ಕಿವಿ ತಂಪಾಗುತ್ತದೆ. ಕಿವಿ ಬೆಚ್ಚಗಾಗುವುದು ಕಪಾಳಕ್ಕೆ ಬಿದ್ದಾಗ. ಸಾಲದ್ದಕ್ಕೆ ‘ಬೆಚ್ಚು’ ಅಂದರೆ ಗಾಬರಿಬೀಳುವುದೂ ಹೌದಲ್ವಾ? ಚಳಿ ದೇಶದವರು ಮೆಚ್ಚಿದ್ದನ್ನು ಬಿಸಿ ಅನ್ನುತ್ತಾರೆ, ಬಿಸಿಲಿನ ನಾಡಿನವರು ತಂಪು ಅನ್ನುತ್ತೇವೆ.

ವಾದ್ಯ ಯಾವುದು ಅಂತ ಹೇಳಿಬಿಡುತ್ತೇನೆ: ಮಿನಿಮೋಗ್ ಮಾಡೆಲ್ ಡಿ. 1970ರಲ್ಲಿ ರಾಬರ್ಟ್ ಮೋಗ್ ಅವರ ಕಂಪನಿ ಹೊರತಂದದ್ದು, ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಅನ್ನುವ ಸಣ್ಣ ಊರಿನಿಂದ. (ಕೆಲವರು ‘ಮೂಗ್’ ಅನ್ನುತ್ತಾರೆ. ಆತ ತಮ್ಮ ಹೆಸರನ್ನು ಓಕಾರದಲ್ಲೇ ಹೇಳುತ್ತಿದ್ದರು. ಕನ್ನಡಿಗರಿಗಂತೂ ಓಕಾರವೇ ಕ್ಷೇಮ, ಇಲ್ಲದಿದ್ದರೆ ಪುಟ್ಟ ಮೂಗು ಆಗಿಬಿಡುತ್ತದೆ.) ಅದಕ್ಕೆ 44 ಮನೆ. ‘ಕೀ’ ಅಂತ ಬರೆಯಬಹುದಿತ್ತು, ಆದರೆ ಹಾರ್ಮೋನಿಯಂನವರು ‘ಮನೆ’ ಅನ್ನುವಾಗ ನಾನ್ಯಾಕೆ ಬಿಡಲಿ? ಒಂದು ಸಲಕ್ಕೆ ಒಂದೇ ಸ್ವರ. ಎರಡು ಮನೆ ಒಟ್ಟಿಗೆ ಒತ್ತಿದರೆ ಕೆಳಗಿನ ಸ್ವರವೇ ಗೆಲ್ಲುತ್ತದೆ.

ಒಂದೇ ಸ್ವರಕ್ಕೆ ಅಷ್ಟೊಂದು ಹೊಗಳಿಕೆ ಯಾಕೆ? ಒಳಗೆ ಮೂರು ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್, ಇವೆ. ಮೂರನ್ನೂ ಒಂದೇ ಶ್ರುತಿಗೆ ತಂದು, ಆಮೇಲೆ ಒಂದನ್ನು ಕೂದಲೆಳೆಯಷ್ಟು ಸರಿಸಬೇಕು. ಆಗ ಸ್ವರದೊಳಗೆ ಒಂದು ಅಲೆ ಏಳುತ್ತದೆ. ದನಿ ನಿಂತಲ್ಲಿ ನಿಲ್ಲುವುದಿಲ್ಲ, ನಿಧಾನಕ್ಕೆ ಹೊರಳುತ್ತಾ ಇರುತ್ತದೆ. ಈ ಮೂರೂ ಕೂಡಿ ಫಿಲ್ಟರ್‌ಗೆ, ಅಂದರೆ ದನಿ ಸೋಸುವ ಭಾಗಕ್ಕೆ, ಬರುತ್ತವೆ. ಅಲ್ಲಿ ಟ್ರಾನ್ಸಿಸ್ಟರ್ ಜೋಡಿಗಳನ್ನು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಜೋಡಿಸಿದ್ದಾರೆ. ನಾಬ್ ಇಳಿಸಿದಷ್ಟೂ ದನಿಯ ಚೂಪು ಸವೆಯುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, ನಾವು ಗೆರೆ ಎಳೆದಲ್ಲಿಂದ ಮೇಲಕ್ಕೆ ಒಂದೊಂದು ಸ್ಥಾಯಿಗೂ 24 ಡೆಸಿಬೆಲ್ ಇಳಿಕೆ. ಮೂರೂ ಆಸಿಲೇಟರ್‌ಗಳನ್ನು ಪೂರ್ತಿ ಏರಿಸಿದರೆ ಫಿಲ್ಟರ್‌ಗೆ ಹೊರೆ ಜಾಸ್ತಿಯಾಗಿ ದನಿ ಸ್ವಲ್ಪ ಒಡೆಯುತ್ತದೆ. ಆ ಒಡಕೇ ರುಚಿ.

ನಿಜವಾದ ಬಿಸಿಯೂ ಇದೆ ಅನ್ನಿ. ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದರ ನಡತೆ ಬದಲಾಗುತ್ತದೆ, ಅದರ ಜೊತೆಗೆ ಶ್ರುತಿಯೂ ಜಾರುತ್ತದೆ. ಅದಕ್ಕೇ ಹಳೆಯ ಮಿನಿಮೋಗ್‌ಗೆ ಕರೆಂಟ್ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಶ್ರುತಿ ಮಾಡುತ್ತಾರೆ. ತಮಟೆಯವರು ಹುಲ್ಲಿಗೆ ಬೆಂಕಿ ಹಚ್ಚಿ ‘ಕಾಯಿಸುತ್ತಾರಲ್ಲ’, ಹಾಗೆ. ಈ ಕೆಲಸಕ್ಕೆ ‘ಕಾಯಿಸು’ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ‘ಶ್ರುತಿ ಜಾರು’ ಕೂಡ ನಮ್ಮಲ್ಲಿ ಇದ್ದದ್ದೇ. ತೊಡಕಿರುವುದು ಹೊಗಳಿಕೆಯ ಮಾತಿನಲ್ಲಿ ಮಾತ್ರ.

ಗೆಳೆಯನೊಬ್ಬನ ಮನೆಯಲ್ಲಿ 2016ರಲ್ಲಿ ಮತ್ತೆ ತಯಾರಾದ ಮಾಡೆಲ್ ಡಿ ಇದೆ. ಹೋದ ತಿಂಗಳು ನನ್ನ ಸೋದರಮಾವ ಗದಗದಿಂದ ಬಂದಿದ್ದರು, ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಾವ ಒಂದು ಕಾಲದಲ್ಲಿ ಕಂಪನಿ ನಾಟಕಗಳಿಗೆ ಪೇಟಿ (ಹಾರ್ಮೋನಿಯಂ) ನುಡಿಸಿದವರು. ಮೊದಲು ದನಿ ಕೇಳಲೇ ಇಲ್ಲ. ಮರದ ಚೌಕಟ್ಟಿನ ಮೇಲೆ ಕೈಯಾಡಿಸಿದರು. ಒರಗಿ ನಿಂತಿದ್ದ ಮುಂಭಾಗವನ್ನು ಮಡಚಿ, ಮತ್ತೆ ಎತ್ತಿ ನಿಲ್ಲಿಸಿದರು. ಒಂದೊಂದೇ ನಾಬ್ ಹಿಡಿದು ಅಲ್ಲಾಡಿಸಿ ನೋಡಿದರು. “ಲೊಡಲೊಡ ಅನ್ನಂಗಿಲ್ಲ. ಕೆಲಸ ಗಟ್ಟಿ ಐತಿ” ಅಂದರು. ‘ಬಿಲ್ಡ್ ಕ್ವಾಲಿಟಿ’ಗೆ ನಾನು ಅಲ್ಲಿಯವರೆಗೆ ‘ಮೈಕಟ್ಟು’ ಅಂತ ಬರೆದುಕೊಂಡಿದ್ದೆ. ಪೈಲ್ವಾನನ ಬಗ್ಗೆ ಬರೆದ ಹಾಗಿತ್ತು. ಅವತ್ತೇ ಅಳಿಸಿ ಸುಮ್ನೆ ‘ಕೆಲಸ’ ಅಂತ ಮಾಡಿದೆ. ‘ಕೆಲಸ ಗಟ್ಟಿಯಾಗಿದೆ’, ‘ಕೆಲಸ ನಾಜೂಕಾಗಿದೆ’ ಅಂತ ಬಡಗಿ ಮಾಡಿದ ಬಾಗಿಲಿಗೂ ಅಕ್ಕಸಾಲಿಗ ಮಾಡಿದ ಸರಕ್ಕೂ ಹೇಳುತ್ತೇವೆ. ಸಿಂಥಸೈಜರ್‌ಗೆ ಯಾಕೆ ಬೇಡ?

ಆಮೇಲೆ ಗೆಳೆಯ ಕೆಳಗಿನ ಒಂದು ಮನೆ ಒತ್ತಿ ಹಿಡಿದ. ಕಿಟಕಿಯ ಗಾಜು ಗುಂಯ್ ಅಂದಿತು. ಅದೇ ಸ್ವರವನ್ನು ಕಂಪ್ಯೂಟರಿನ ಸಾಫ್ಟ್‌ವೇರ್‌ನಲ್ಲೂ ಕೇಳಿಸಿದ. ಮಾವ ಕಣ್ಣು ಮುಚ್ಚಿಕೊಂಡೇ ಹೇಳಿದರು: “ಇದು ಫಾರಂ ಕೋಳಿ. ಮೊದಲಿಂದು ಜವಾರಿ.”

ನನಗೆ ಪದ ಸಿಕ್ಕಿತು ಅಂದುಕೊಂಡೆ. ಜವಾರಿ ಕೋಳಿ, ಜವಾರಿ ಆಕಳು, ಜವಾರಿ ಬೀಜ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ವಿವರಣೆಯೇ ಬೇಡ, ಉಳಿದವರಿಗೆ ‘ನಾಟಿ’ ಅಂದರೆ ಸಾಕು. ಒಂದರಂತೆ ಇನ್ನೊಂದು ಇರದ, ಸ್ವಲ್ಪ ಒರಟಾದ, ಆದರೆ ರುಚಿ ಇರುವಂಥದ್ದು. ಶ್ರುತಿ ಜಾರುವ ಮೂರು ಆಸಿಲೇಟರ್‌ಗಳಿಗೆ ಇದಕ್ಕಿಂತ ಹೊಂದುವ ಮಾತು ಯಾವುದು?

ರಾತ್ರಿ ಮಲಗಿದಾಗ ಅನುಮಾನ ಶುರುವಾಯಿತು. ಹಿಂದೂಸ್ತಾನಿ ಸಂಗೀತದವರಿಗೆ ಜವಾರಿ ಬೇರೆಯೇ. ತಂಬೂರಿಯ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಮೇಲೆ ತಂತಿಯ ಕೆಳಗೆ ಒಂದು ಎಳೆ ನೂಲು ಸಿಕ್ಕಿಸಿ ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದಾಗ ತಂತಿ ಕುದುರೆಯನ್ನು ಸವರಿಕೊಂಡು ಜುಂಯ್ ಅನ್ನತೊಡಗುತ್ತದೆ. ಅದು ಅವರ ಜವಾರಿ, ಕರ್ನಾಟಕ ಸಂಗೀತದವರ ಜೀವಾಳ. ಅದು ಮೇಲಿನ ಸ್ವರಗಳನ್ನು ಎಬ್ಬಿಸಿ ದನಿಗೆ ಹೊಳಪು ಕೊಡುತ್ತದೆ. ನನ್ನ ವಾದ್ಯದ ಏಣಿ ಫಿಲ್ಟರ್ ಮಾಡುವುದು ಅದಕ್ಕೆ ಉಲ್ಟಾ: ಮೇಲಿನದನ್ನು ಕತ್ತರಿಸಿ ಬುಡವನ್ನು ಉಳಿಸುತ್ತದೆ. ಕೋಳಿಯ ಲೆಕ್ಕದಲ್ಲಿ ಸರಿ, ತಂಬೂರಿಯ ಲೆಕ್ಕದಲ್ಲಿ ತಪ್ಪು. ಸಂಗೀತ ಬಲ್ಲವರು ‘ಜವಾರಿ ದನಿ’ ಅಂತ ಓದಿದರೆ ಜುಂಯ್ ಅನ್ನುವುದನ್ನೇ ನೆನೆಸಿಕೊಳ್ಳುತ್ತಾರೆ.

ಹಾಗಾಗಿ ಸದ್ಯಕ್ಕೆ ‘ವಾರ್ಮ್’ಗೆ ‘ತುಂಬು ದನಿ’ ಅಂತ ಇಟ್ಟುಕೊಂಡಿದ್ದೇನೆ. ‘ಫ್ಯಾಟ್’ಗೆ ‘ದಪ್ಪ ದನಿ’ ಸಲೀಸಾಗಿ ಕೂರುತ್ತದೆ. ಗಂಡಸರ ಗಂಟಲಿಗೆ ಹಾಗನ್ನುವುದು ರೂಢಿಯಲ್ಲೇ ಇದೆ. ಆದರೆ ‘ತುಂಬು ದನಿ’ ನನಗೆ ಸಪ್ಪೆ ಅನ್ನಿಸುತ್ತಿದೆ. ಅದರಲ್ಲಿ ಆ ಅಲೆಯೂ ಇಲ್ಲ, ಒಡಕೂ ಇಲ್ಲ.

ಮೈಸೂರು ಕಡೆಯವರು, ಕರಾವಳಿಯವರು ಹೇಳಿ: ‘ಜವಾರಿ ದನಿ’ ಅಂತ ಕಂಡರೆ ನಿಮಗೆ ಮೊದಲು ಹೊಳೆಯುವುದು ಕೋಳಿಯೋ, ತಂಬೂರಿಯೋ, ಎರಡೂ ಅಲ್ಲವೋ? ತಮಟೆ, ಚೆಂಡೆ, ಡೊಳ್ಳಿನವರು ದನಿ ಚೆನ್ನಾಗಿ ಕೂತಾಗ ತಮ್ಮತಮ್ಮಲ್ಲೇ ಆಡುವ ಮಾತು ಯಾರಿಗಾದರೂ ಗೊತ್ತಿದ್ದರೆ ಅದನ್ನೂ ತಿಳಿಸಿ.